ತಿಪ್ಪೆ ಪಕ್ಕದ ಮರ ಮತ್ತು ನನ್ನ ಹಣ್ಣಿನ ನೊಣಗಳು

ನಾನು ಮೂರು ವರ್ಷ ನೊಣದ ಮೊಟ್ಟೆ ಎಣಿಸಿದ್ದೇನೆ. ಪ್ರಯೋಗ ಶುರುವಾದ ಮೇಲೆ ಭಾನುವಾರ, ಯುಗಾದಿ, ದಸರಾ ಯಾವುದೂ ಇರಲಿಲ್ಲ. ವಿಜಯದಶಮಿ ದಿನ ಮೈಸೂರೆಲ್ಲ ಜಂಬೂಸವಾರಿ ನೋಡೋಕೆ ಅರಮನೆ ಕಡೆ ಹೋಗುತ್ತಿದ್ದರೆ ನಾನು ಗಾಡಿ ತಿರುಗಿಸಿಕೊಂಡು ಲ್ಯಾಬಿಗೆ ಹೋಗಿದ್ದೆ. ನೊಣಗಳಿಗೆ ಹಬ್ಬ ಗೊತ್ತಿಲ್ಲ, ಅವು ಅವತ್ತೂ ಮೊಟ್ಟೆ ಇಡುತ್ತವೆ, ಒಂದು ದಿನದ ಎಣಿಕೆ ತಪ್ಪಿದರೆ ಆ ಸಾಲು ಪೂರ್ತಿ ಹಾಳು.

ಬಾಳೆಹಣ್ಣು ಕಪ್ಪಾಗೋಕೆ ಶುರುವಾದ ಮೇಲೆ ಅದರ ಸುತ್ತ ಕೆಂಪು ಕಣ್ಣಿನ ಪುಟ್ಟ ನೊಣಗಳು ಹಾರಾಡುತ್ತವಲ್ಲ, ಅವೇ ಇವು. ಲ್ಯಾಬಿನಲ್ಲಿ ಡ್ರೊಸೊಫಿಲಾ ಅಂತೀವಿ. ನನ್ನ ಪ್ರಶ್ನೆ ತುಂಬಾ ಸರಳ. ಜಾಸ್ತಿ ಮೊಟ್ಟೆ ಇಟ್ಟ ಹೆಣ್ಣು ಬೇಗ ಸಾಯುತ್ತದಾ?

ಈ ಪ್ರಶ್ನೆಯ ಹಿಂದೆ ಇರುವ ಯೋಚನೆ ಹಳೆಯದು. ಯಾವ ಜೀವಿಗೂ ಸಿಗುವ ಆಹಾರ ಇಷ್ಟೇ, ಸಮಯ ಇಷ್ಟೇ. ಅದರಲ್ಲೇ ಬೆಳೆಯಬೇಕು, ಮೈ ರಿಪೇರಿ ಮಾಡಿಕೊಳ್ಳಬೇಕು, ರೋಗ ತಡೆಯಬೇಕು, ಮರಿ ಮಾಡಬೇಕು. ಒಂದಕ್ಕೆ ಜಾಸ್ತಿ ಹಾಕಿದರೆ ಇನ್ನೊಂದಕ್ಕೆ ಕಮ್ಮಿ ಬೀಳುತ್ತದೆ. ಇದಕ್ಕೇ ಟ್ರೇಡ್-ಆಫ್ ಅನ್ನುತ್ತಾರೆ. ನಾಗರಹೊಳೆಯ ಬಿದಿರು ಹತ್ತಾರು ವರ್ಷ ಸುಮ್ನೆ ಬೆಳೆಯುತ್ತಾ ಇದ್ದು, ಒಂದೇ ಸಲ ಹೂ ಬಿಟ್ಟು, ಕಾಡಿನ ತುಂಬಾ ಬಿದಿರಕ್ಕಿ ಉದುರಿಸಿ ಒಣಗಿಹೋಗುತ್ತದೆ. ಅದೇ ಬಿದಿರನ್ನು ತಿನ್ನುವ ಆನೆ 22 ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಆಮೇಲೆ ವರ್ಷಗಟ್ಟಲೆ ಹಾಲು ಕುಡಿಸುತ್ತದೆ. ಎರಡೂ ಬದುಕುವ ದಾರಿಗಳೇ. ಯಾವಾಗ ಮರಿ ಮಾಡೋದು, ಎಷ್ಟು ಮಾಡೋದು, ಎಷ್ಟು ಸಲ ಮಾಡೋದು, ಎಷ್ಟು ದಿನ ಬದುಕೋದು ಅನ್ನುವ ಇಡೀ ಲೆಕ್ಕಕ್ಕೆ ಇಕಾಲಜಿಯಲ್ಲಿ ಲೈಫ್ ಹಿಸ್ಟರಿ ಅಂತ ಹೆಸರು.

ಆನೆಯ ಮೇಲೆ ಇದನ್ನು ಪರೀಕ್ಷೆ ಮಾಡಬೇಕು ಅಂದರೆ ನನ್ನ ಜೀವಮಾನ ಸಾಲದು. ನೊಣಕ್ಕೆ ಎರಡು ಮೂರು ತಿಂಗಳು ಸಾಕು. 25 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ನೊಣ ಆಗೋಕೆ ಸುಮಾರು 10 ದಿನ. ಒಂದು ದಿನದಲ್ಲಿ ಮೊಟ್ಟೆ ಒಡೆಯುತ್ತದೆ, ನಾಲ್ಕೈದು ದಿನ ಹುಳವಾಗಿ ತಿಂದುಕೊಂಡು ಇರುತ್ತದೆ, ಇನ್ನು ನಾಲ್ಕೈದು ದಿನ ಗೂಡಿನೊಳಗೆ. ಹೊರಗೆ ಬಂದ ಒಂದೆರಡು ದಿನಕ್ಕೆ ಹೆಣ್ಣು ಮೊಟ್ಟೆ ಇಡೋಕೆ ಶುರು ಮಾಡುತ್ತದೆ. ಚೆನ್ನಾಗಿ ತಿನ್ನೋಕೆ ಇದ್ದರೆ ದಿನಕ್ಕೆ 50, 60 ಮೊಟ್ಟೆ.

ತಿನ್ನೋಕೆ ಏನು ಅಂತ ಎಲ್ಲರೂ ಕೇಳುತ್ತಾರೆ. ಮೈಸೂರಿನ ಕಡೆ ನೊಣದ ಲ್ಯಾಬುಗಳಲ್ಲಿ ನಡೆದುಕೊಂಡು ಬಂದಿರುವುದು ರವೆ-ಬೆಲ್ಲದ ಅಡುಗೆ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, ಗಟ್ಟಿಯಾಗೋಕೆ ಸುಮಾರು 10 ಗ್ರಾಂ ಅಗರ್, ಬೂಸಲು ಬರದ ಹಾಗೆ ಕೊನೆಗೆ ಏಳೂವರೆ ಎಂಎಲ್ ಪ್ರೊಪಿಯಾನಿಕ್ ಆಸಿಡ್. ಬೆಲ್ಲ ಕರಗಿಸಿ, ಸೋಸಿ, ಅಗರ್ ಹಾಕಿ, ರವೆ ಉದುರಿಸುತ್ತಾ ಕೈ ಬಿಡದೆ ತಿರುವಬೇಕು. ಗಂಟು ಕಟ್ಟಿದರೆ ಹೋಯಿತು. ನಮ್ಮಮ್ಮ ಸಜ್ಜಿಗೆ ಮಾಡುವಾಗ ಹೇಳಿಕೊಟ್ಟದ್ದು ಇಲ್ಲಿ ಚಾಚೂ ತಪ್ಪದೆ ಉಪಯೋಗಕ್ಕೆ ಬಂತು. ಕುದಿಯುವಾಗ ಕಾರಿಡಾರ್ ಪೂರ್ತಿ ಕೇಸರಿಬಾತಿನ ವಾಸನೆ, ಆಸಿಡ್ ಹಾಕಿದ ಕ್ಷಣ ಮೂಗು ಮುಚ್ಚಿಕೊಂಡು ಓಡಬೇಕು. ಬಿಸಿ ಇರುವಾಗಲೇ ವಯಲ್ ಅನ್ನೋ ಸಣ್ಣ ಗಾಜಿನ ಶೀಷೆಗಳಿಗೆ ಒಂದೊಂದಿಂಚು ಸುರಿದು, ತಣ್ಣಗಾದ ಮೇಲೆ ಒಂದು ಹನಿ ಯೀಸ್ಟ್ ಬಿಟ್ಟು, ಹತ್ತಿಯ ಬಿರಡೆ ಹಾಕಿದರೆ ಊಟ ರೆಡಿ. ಲ್ಯಾಬಿನಲ್ಲಿ ಇದಕ್ಕೆ ಮೀಡಿಯಾ ಅಂತೀವಿ.

ಮೊದಲ ಸಲ ನಾನು ಮಾಡಿದ್ದು ಹೀಗೆ. ಲ್ಯಾಬಿನಲ್ಲಿ ಸಾಕಿದ್ದ ಬಾಟಲ್‌ಗಳಿಂದ ಅವತ್ತೇ ಹೊರಬಂದ ಹೆಣ್ಣುಗಳನ್ನು ಆರಿಸಿಕೊಂಡೆ. 40 ಹೆಣ್ಣು, 40 ವಯಲ್, ಪ್ರತಿಯೊಂದರ ಜೊತೆ ಒಂದು ಗಂಡು. ದಿನಾ ಬೆಳಿಗ್ಗೆ ಜೋಡಿಯನ್ನು ಹೊಸ ವಯಲ್‌ಗೆ ದಾಟಿಸೋದು, ಹಳೇ ವಯಲ್‌ನ ಮೊಟ್ಟೆಗಳನ್ನು ಮೈಕ್ರೋಸ್ಕೋಪ್ ಕೆಳಗೆ ಎಣಿಸೋದು. ಹೆಣ್ಣು ಸಾಯುವ ತನಕ ಇದೇ ಕೆಲಸ.

ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಸಣ್ಣಕ್ಕಿ ಕಾಳನ್ನು ಇನ್ನೂ ಹತ್ತು ಪಟ್ಟು ಚಿಕ್ಕದು ಮಾಡಿದ ಹಾಗೆ, ತುದಿಯಲ್ಲಿ ಎರಡು ಕೂದಲಿನಂಥ ಕೊಂಬು. ಮೊಟ್ಟೆ ಮೆತ್ತಗಿನ ಮೀಡಿಯಾದೊಳಗೆ ಹೂತುಹೋದರೂ ಆ ಕೊಂಬುಗಳು ಮೇಲೆ ಇರುತ್ತವೆ, ಅದರ ಮೂಲಕ ಉಸಿರಾಟ. ಮೊದಲ ದಿನಗಳಲ್ಲಿ ನಾನು ಕೊಂಬುಗಳನ್ನು ಎಣಿಸಿ ಎರಡರಿಂದ ಭಾಗಿಸುತ್ತಿದ್ದೆ, ಆಮೇಲೆ ಕಣ್ಣು ಪಳಗಿತು. ಬೆಲ್ಲದ ಕಂದು ಬಣ್ಣದ ಮೇಲೆ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ.

ಎರಡು ತಿಂಗಳು ದಾಟಿತು. ಕೊನೇ ನೊಣ ಸತ್ತ ಮೇಲೆ ಗ್ರಾಫ್ ಹಾಕಿದೆ. ಅಡ್ಡಕ್ಕೆ ಒಟ್ಟು ಮೊಟ್ಟೆ, ಉದ್ದಕ್ಕೆ ಬದುಕಿದ ದಿನ. ಪುಸ್ತಕದ ಪ್ರಕಾರ ಚುಕ್ಕೆಗಳು ಎಡಗಡೆ ಮೇಲಿಂದ ಬಲಗಡೆ ಕೆಳಗೆ ಇಳಿಯಬೇಕು. ನನ್ನ ಚುಕ್ಕೆಗಳು ಮೇಲಕ್ಕೆ ಹತ್ತುತ್ತಿದ್ದವು. ಜಾಸ್ತಿ ದಿನ ಬದುಕಿದವು ಒಟ್ಟು ಮೊಟ್ಟೆ ಜಾಸ್ತಿ ಇಡೋದು ಸಹಜ ಅಲ್ವಾ ಅಂತ ಮೊದಲ ಹತ್ತು ದಿನದ ಮೊಟ್ಟೆ ಮಾತ್ರ ಹಾಕಿ ನೋಡಿದೆ. ಆಗಲೂ ಅದೇ. ಚಿಕ್ಕ ವಯಸ್ಸಿನಲ್ಲೇ ಜಾಸ್ತಿ ಮೊಟ್ಟೆ ಇಟ್ಟ ಹೆಣ್ಣುಗಳೇ ಜಾಸ್ತಿ ದಿನ ಬದುಕಿದ್ದವು.

17ನೇ ವಯಲ್‌ನ ಹೆಣ್ಣು ನನಗೆ ಇವತ್ತಿಗೂ ನೆನಪಿದೆ. ದುಂಡಗೆ, ದೊಡ್ಡ ಹೊಟ್ಟೆ. ಮೊದಲ ವಾರದಿಂದಲೇ ದಿನಕ್ಕೆ ಅರವತ್ತರ ಮೇಲೆ ಇಡುತ್ತಿತ್ತು, ಅದರ ವಯಲ್ ಬಂದರೆ ಕುರ್ಚಿ ಸರಿಮಾಡಿಕೊಂಡು ಕೂರುತ್ತಿದ್ದೆ, ಅಷ್ಟು ಹೊತ್ತು ಹಿಡಿಯುತ್ತಿತ್ತು. ಕೊನೆಯಲ್ಲಿ ಉಳಿದ ಐದು ನೊಣಗಳಲ್ಲಿ ಅದೂ ಒಂದು. 31ನೇ ವಯಲ್‌ನದು ತದ್ವಿರುದ್ಧ. ಸಣ್ಣಕಲು, ದಿನಕ್ಕೆ ಹತ್ತು ಹನ್ನೆರಡು ಮೊಟ್ಟೆ, ಮೂರನೇ ವಾರ ಮುಗಿಯೋದರೊಳಗೆ ಮಗುಚಿ ಬಿದ್ದಿತ್ತು.

ಎಣಿಕೆ ತಪ್ಪಿದೆ ಅಂದುಕೊಂಡೆ. ಎಣಿಕೆ ಬರೆದಿಟ್ಟ ಪುಸ್ತಕದ ಎಲ್ಲ ಪುಟಗಳನ್ನು ಮತ್ತೆ ಕೂಡಿದೆ. ತಪ್ಪಿರಲಿಲ್ಲ. ಎರಡು ತಿಂಗಳ ಕೆಲಸ ಹಾಳಾಯಿತು ಅನ್ನೋ ಬೇಜಾರಿನಲ್ಲೇ ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮದು ರಾಮನಗರದ ಕಡೆ, ಮನೆ ಹಿಂದೆ ಸ್ವಲ್ಪ ಮಾವಿನ ತೋಪು ಇದೆ. ನೊಣದ ವಿಷಯ ಅಪ್ಪನಿಗೆ ಏನು ಹೇಳೋದು ಅಂತ ಮಾವಿನ ವಿಷಯ ಕೇಳಿದೆ.

"ಬಾದಾಮಿ ಹೆಂಗಿದೆ ಅಪ್ಪ ಈ ಸಲ?"

"ಹೋದ ವರ್ಷ ಕೊಂಬೆ ಮುರಿಯೋ ಹಂಗೆ ಕಚ್ಚಿತ್ತಲ್ಲವ್ವ, ಈ ವರ್ಷ ಸುಸ್ತು ಅವಕ್ಕೆ. ಕಾಯಿ ಕಿತ್ತ ಮೇಲೆ ಚಿಗುರೇ ಸರಿಯಾಗಿ ಬರಲಿಲ್ಲ, ಇನ್ನು ಹೂವು ಎಲ್ಲಿಂದ ಬತ್ತದೆ? ತಿಪ್ಪೆ ಪಕ್ಕದ್ದೊಂದು ಮಾತ್ರ ಹೋದ ವರ್ಷಾನೂ ಬಿಡ್ತು, ಈ ವರ್ಷಾನೂ ಬಿಟ್ಟದೆ. ಅದಕ್ಕೇನು, ಉಂಡು ನಿಂತದೆ."

ಫೋನ್ ಇಟ್ಟ ಮೇಲೂ ಆ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಮಾವಿನಲ್ಲಿ ಹೂವು ಬರೋದು ಬಲಿತ ಚಿಗುರಿನ ತುದಿಯಲ್ಲಿ. ಮರ ತನ್ನ ಹತ್ತಿರ ಇದ್ದದ್ದನ್ನೆಲ್ಲ ಕಾಯಿಗೆ ಸುರಿದರೆ ಹೊಸ ಚಿಗುರಿಗೆ ಏನೂ ಉಳಿಯುವುದಿಲ್ಲ, ಚಿಗುರು ಬರದಿದ್ದರೆ ಮುಂದಿನ ಫಸಲು ಇಲ್ಲ. ಇದು ಟ್ರೇಡ್-ಆಫ್, ನಾನು ನೊಣದಲ್ಲಿ ಹುಡುಕುತ್ತಿದ್ದದ್ದೇ. ಆದರೆ ತೋಪಿಗೆ ಬಂದ ಹೊಸಬರು ಒಂದು ವರ್ಷ ಮಾತ್ರ ನಿಂತು ಎಲ್ಲ ಮರ ನೋಡಿದರೆ ಏನು ಕಾಣುತ್ತದೆ? ತಿಪ್ಪೆ ಪಕ್ಕದ ಮರದಲ್ಲಿ ಕಾಯೂ ಜಾಸ್ತಿ, ಚಿಗುರೂ ಜಾಸ್ತಿ. ಬದುವಿನ ಮೇಲಿನ ಮರದಲ್ಲಿ ಎರಡೂ ಕಮ್ಮಿ. ಕಾಯಿಗೂ ಚಿಗುರಿಗೂ ಜಗಳವೇ ಇಲ್ಲ, ಎರಡೂ ಒಟ್ಟಿಗೇ ಬರುತ್ತವೆ ಅಂತ ಬರೆದುಕೊಂಡು ಹೋಗುತ್ತಾರೆ. ನಾನು ಮಾಡಿದ್ದು ಅದನ್ನೇ.

ಬೆಳಿಗ್ಗೆ ಎದ್ದವಳೇ 17 ಮತ್ತು 31 ಎಲ್ಲಿಂದ ಬಂದವು ಅಂತ ಹುಡುಕಿದೆ. ಆರಿಸುವಾಗ ಬಾಟಲ್ ನಂಬರ್ ಬರೆದುಕೊಂಡಿದ್ದು ನನ್ನ ಪುಣ್ಯ. 17 ಬಂದದ್ದು ಹುಳ ಕಮ್ಮಿ ಇದ್ದ ಬಾಟಲ್‌ನಿಂದ. 31 ಬಂದದ್ದು ಹುಳಗಳು ಕಿಕ್ಕಿರಿದು, ಮೀಡಿಯಾ ಎಲ್ಲ ನೀರುನೀರಾಗಿದ್ದ ಬಾಟಲ್‌ನಿಂದ. ನೊಣ ಹೊರಗೆ ಬಂದ ಮೇಲೆ ಬೆಳೆಯುವುದಿಲ್ಲ, ಹುಳ ಆಗಿದ್ದಾಗ ಎಷ್ಟು ತಿಂದಿತ್ತೋ ಅಷ್ಟೇ ಅದರ ಮೈ. ಇಕ್ಕಟ್ಟಿನಲ್ಲಿ ಬೆಳೆದದ್ದು ಚಿಕ್ಕದಾಗೇ ಹುಟ್ಟುತ್ತದೆ, ಅದರ ಅಂಡಾಶಯವೂ ಚಿಕ್ಕದು. 17 ಅನ್ನೋದು ತಿಪ್ಪೆ ಪಕ್ಕದ ಮರ.

ನನ್ನ ಗೈಡ್ ಮೇಡಮ್‌ಗೆ ಗ್ರಾಫ್ ತೋರಿಸಿ, ಅಪ್ಪ ಹೇಳಿದ್ದನ್ನೂ ಹೇಳಿದೆ. ಅವರು ನಗಲಿಲ್ಲ. ಕಪಾಟಿನಿಂದ ಒಂದು ಹಳೇ ಜೆರಾಕ್ಸ್ ತೆಗೆದು ಕೈಗೆ ಕೊಟ್ಟರು. 1986ರಲ್ಲಿ ವಾನ್ ನೂರ್ಡ್‌ವೈಕ್ ಮತ್ತು ಡಿ ಯಾಂಗ್ ಅನ್ನೋ ಇಬ್ಬರು ಡಚ್ ವಿಜ್ಞಾನಿಗಳು ಬರೆದದ್ದು. ಅವರ ಉದಾಹರಣೆ ಮನೆ ಮತ್ತು ಕಾರು. ಒಬ್ಬರ ಹತ್ತಿರ ಇರುವ ದುಡ್ಡು ಇಷ್ಟೇ ಆದರೆ ಮನೆಗೆ ಜಾಸ್ತಿ ಹಾಕಿದಷ್ಟೂ ಕಾರಿಗೆ ಕಮ್ಮಿ. ಆದರೆ ಊರಿನ ಎಲ್ಲರನ್ನೂ ಒಟ್ಟಿಗೆ ನೋಡಿದರೆ ದೊಡ್ಡ ಮನೆಯ ಮುಂದೆಯೇ ದೊಡ್ಡ ಕಾರು ನಿಂತಿರುತ್ತದೆ, ಯಾಕೆಂದರೆ ಒಬ್ಬೊಬ್ಬರ ಆದಾಯ ಒಂದೊಂದು ಥರ. ಆದಾಯದ ವ್ಯತ್ಯಾಸ ದೊಡ್ಡದಾದರೆ ಖರ್ಚಿನ ಜಗಳ ಮುಚ್ಚಿಹೋಗುತ್ತದೆ. ಜಗಳ ಇಲ್ಲ ಅಂತಲ್ಲ, ಕಾಣುವುದಿಲ್ಲ ಅಷ್ಟೇ.

"ಸುಮ್ನೆ ನೋಡಿದ್ರೆ ಸಾಲದು, ನೀನೇ ಬದಲಾಯಿಸಿ ನೋಡು" ಅಂದರು ಮೇಡಮ್. ಹಕ್ಕಿಗಳಲ್ಲೂ ಹಾಗೇ ಮಾಡಿದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಕೆಸ್ಟ್ರೆಲ್ ಅನ್ನೋ ಸಣ್ಣ ಬೇಟೆ ಹಕ್ಕಿಯ ಗೂಡುಗಳಿಗೆ ಬೇರೆ ಗೂಡಿನ ಎರಡೆರಡು ಮರಿ ಸೇರಿಸಿ, ಇನ್ನು ಕೆಲವು ಗೂಡುಗಳಿಂದ ಮರಿ ತೆಗೆದು ನೋಡಿದರು. ಹೆಚ್ಚಿನ ಮರಿ ಸಾಕಿದ ಅಪ್ಪ ಅಮ್ಮ ಮುಂದಿನ ಚಳಿಗಾಲದಲ್ಲಿ ಜಾಸ್ತಿ ಸತ್ತವು. ತಾವಾಗಿಯೇ ಜಾಸ್ತಿ ಮೊಟ್ಟೆ ಇಟ್ಟ ಜೋಡಿಗಳನ್ನು ಮಾತ್ರ ನೋಡಿದ್ದರೆ ಇದು ಕಾಣುತ್ತಿರಲಿಲ್ಲ, ಅವು ಒಳ್ಳೇ ಜಾಗ ಸಿಕ್ಕ ಗಟ್ಟಿ ಹಕ್ಕಿಗಳೇ ಆಗಿರುತ್ತವೆ.

ಎರಡನೇ ಪ್ರಯೋಗದಲ್ಲಿ ನನ್ನ ಅರ್ಧ ಶ್ರಮ ಹೋದದ್ದು ಪ್ರಯೋಗ ಶುರುವಾಗೋ ಮೊದಲೇ, ಎಲ್ಲ ನೊಣಗಳ ಬಾಲ್ಯವನ್ನು ಒಂದೇ ಥರ ಮಾಡೋದಕ್ಕೆ. ಅಗರ್ ತಟ್ಟೆಯ ಮೇಲೆ ಯೀಸ್ಟ್ ಪೇಸ್ಟ್ ಸವರಿ, ನೂರಾರು ಹೆಣ್ಣುಗಳಿಂದ ಕೆಲವೇ ಗಂಟೆಗಳಲ್ಲಿ ಮೊಟ್ಟೆ ಇಡಿಸಿದೆ. ಸೊನ್ನೆ ನಂಬರ್ ಪೇಂಟಿಂಗ್ ಬ್ರಷ್ ಒದ್ದೆ ಮಾಡಿ, ಒಂದೊಂದೇ ಮೊಟ್ಟೆ ಎತ್ತಿ, ಕಪ್ಪು ಕಾಗದದ ಸಣ್ಣ ಪಟ್ಟಿಯ ಮೇಲೆ ಹತ್ತತ್ತರ ಸಾಲಿನಲ್ಲಿ ಜೋಡಿಸಿ, 50 ಆದ ಮೇಲೆ ಆ ಪಟ್ಟಿಯನ್ನು ಹಾಗೇ ವಯಲ್‌ಗೆ ಇಳಿಸೋದು. ಒಂದು ವಯಲ್‌ಗೆ 50, ಒಂದೂ ಹೆಚ್ಚಿಲ್ಲ ಕಮ್ಮಿ ಇಲ್ಲ. ಬ್ರಷ್‌ನ ಒಂದು ಕೂದಲು ಸ್ವಲ್ಪ ಆಚೆ ಚಾಚಿಕೊಂಡಿದ್ದರೂ ಅದು ಚುಚ್ಚಿ ಮೊಟ್ಟೆ ಒಡೆಯುತ್ತದೆ, ಅದಕ್ಕೇ ನಾನು ಬ್ರಷ್‌ನ ತುದಿಯನ್ನು ದಿನಾ ಮೈಕ್ರೋಸ್ಕೋಪ್ ಕೆಳಗಿಟ್ಟು ಕತ್ತರಿಯಿಂದ ಸರಿಮಾಡುತ್ತಿದ್ದೆ. ಇದನ್ನು ಯಾರೂ ಪ್ರೋಟೋಕಾಲ್‌ನಲ್ಲಿ ಬರೆಯುವುದಿಲ್ಲ, ಆದರೆ ಮಾಡದಿದ್ದರೆ ಎಣಿಸಿ ಹಾಕಿದ ಐವತ್ತರಲ್ಲಿ ಎಷ್ಟೋ ಮೊಟ್ಟೆ ಅಲ್ಲೇ ಸತ್ತಿರುತ್ತವೆ.

ಹತ್ತನೇ ದಿನ ನಸುಕಿಗೇ ಲ್ಯಾಬ್. ನೊಣಗಳು ಹೆಚ್ಚಾಗಿ ಬೆಳಗಿನ ಜಾವ ಗೂಡಿನಿಂದ ಹೊರಬರುತ್ತವೆ, ಹೊರಬಂದ ಸುಮಾರು ಎಂಟು ಗಂಟೆ ಹೆಣ್ಣು ಗಂಡನ್ನು ಸೇರುವುದಿಲ್ಲ. ಆ ಎಂಟು ಗಂಟೆಯೊಳಗೆ ಹೆಣ್ಣು ಬೇರೆ, ಗಂಡು ಬೇರೆ ಮಾಡಬೇಕು. ಎಳೆಯ ನೊಣ ಬಿಳುಚಿಕೊಂಡಿರುತ್ತದೆ, ಹೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ ಇನ್ನೂ ಕಾಣುತ್ತಿರುತ್ತದೆ. ಅಷ್ಟು ಎಳೆಯದರಲ್ಲಿ ಗಂಡಿನ ಗುರುತಾದ ಹೊಟ್ಟೆಯ ತುದಿಯ ಕಪ್ಪು ನಂಬೋಕಾಗಲ್ಲ, ಗಂಡಿನ ಮುಂಗಾಲಿನಲ್ಲಿರುವ ಸಣ್ಣ ಕಪ್ಪು ಬಾಚಣಿಗೆ ನೋಡಿಯೇ ಹೇಳಬೇಕು. ಈ ಸಲ ಹೆಣ್ಣುಗಳನ್ನು ಬಿಳಿ ಟೈಲ್ ಮೇಲೆ ಸಾಲಾಗಿ ಹಾಕಿದಾಗ ನನಗೆ ಖುಷಿಯಾಯಿತು. ಎಲ್ಲವೂ ಒಂದೇ ಅಳತೆ. 17 ಇಲ್ಲ, 31 ಇಲ್ಲ.

ಅವುಗಳನ್ನು ಚೀಟಿ ಎತ್ತಿ ಮೂರು ಗುಂಪು ಮಾಡಿದೆ. ಮೊದಲ ಗುಂಪಿಗೆ ಗಂಡೇ ಇಲ್ಲ. ಎರಡನೆಯದಕ್ಕೆ ಒಂದೇ ದಿನ ಗಂಡಿನ ಜೊತೆ ಬಿಟ್ಟು ಆಮೇಲೆ ಗಂಡನ್ನು ತೆಗೆದೆ. ಮೂರನೆಯದಕ್ಕೆ ಕೊನೇವರೆಗೂ ಗಂಡು ಜೊತೆಗೇ, ವಾರಕ್ಕೊಮ್ಮೆ ಹಳೇ ಗಂಡು ತೆಗೆದು ಎಳೆಯದು. ಊಟ ಮೂವರಿಗೂ ಒಂದೇ, ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು. ವಯಲ್‌ಗಳನ್ನು ಒಂದೇ ಶಾಖದಲ್ಲಿ ಇಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್‌ನೊಳಗೆ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಸ್ವಲ್ಪ ಶಾಖದ ವ್ಯತ್ಯಾಸ ಇರುತ್ತದೆ, ಅದಕ್ಕೆ ಟ್ರೇಗಳನ್ನು ದಿನಾ ಜಾಗ ಬದಲಾಯಿಸುತ್ತಿದ್ದೆ. ನೊಣ ಬಿಸಿಯಲ್ಲಿ ಬೇಗ ಬದುಕಿ ಬೇಗ ಸಾಯುತ್ತದೆ, ಒಂದೇ ಗುಂಪು ಮೇಲಿನ ತಟ್ಟೆಯಲ್ಲೇ ಉಳಿದುಬಿಟ್ಟರೆ ನಮ್ಮ ಉತ್ತರವೆಲ್ಲ ಸುಳ್ಳು.

ಮೊದಲ ವಾರದಲ್ಲಿ ಎರಡನೇ ಮತ್ತು ಮೂರನೇ ಗುಂಪಿನ ಮೊಟ್ಟೆ ಹೆಚ್ಚುಕಮ್ಮಿ ಸಮ. ಹೆಣ್ಣು ಒಂದು ಸಲ ಸೇರಿದರೆ ಸಿಕ್ಕಿದ ವೀರ್ಯವನ್ನು ಒಳಗೆ ಕೂಡಿಟ್ಟುಕೊಂಡು ದಿನಗಟ್ಟಲೆ ಉಪಯೋಗಿಸುತ್ತದೆ. ಆಮೇಲೆ ಎರಡನೇ ಗುಂಪಿನದು ನಿಧಾನವಾಗಿ ಇಳಿಯಿತು. ಗಂಡು ಕಾಣದ ಮೊದಲ ಗುಂಪು ಆಗೊಂದು ಈಗೊಂದು ಮೊಟ್ಟೆ ಇಡುತ್ತಿತ್ತು. ಅವು ಒಡೆಯುವ ಮೊಟ್ಟೆಗಳಲ್ಲ, ಮೂರು ದಿನ ಬಿಟ್ಟು ನೋಡಿದರೂ ಹಾಗೇ ಬೆಳ್ಳಗೆ ಬಿದ್ದಿರುತ್ತಿದ್ದವು.

ಸಾವು ಶುರುವಾದದ್ದು ಮೂರನೇ ಗುಂಪಿನಲ್ಲಿ. ನಾಲ್ಕನೇ ವಾರದ ಹೊತ್ತಿಗೆ ಬೆಳಿಗ್ಗೆ ಬಂದರೆ ಆ ಟ್ರೇಯಲ್ಲಿ ಒಂದೆರಡು ಹೆಣ್ಣು ಮೀಡಿಯಾದ ಮೇಲೆ ರೆಕ್ಕೆ ಚಾಚಿ ಬಿದ್ದಿರುವುದು ಮಾಮೂಲಾಯಿತು. ಉಳಿದವುಗಳ ರೆಕ್ಕೆಯ ಅಂಚು ಹರಿದು ಜಾಲರಿಯಾಗಿತ್ತು, ವಯಲ್ ತಟ್ಟಿದರೆ ಹತ್ತೋಕೆ ಹೋಗಿ ಜಾರುತ್ತಿದ್ದವು. ಅದೇ ದಿನ, ಅದೇ ಊಟ, ಅದೇ ವಯಸ್ಸಿನ ಮೊದಲ ಗುಂಪಿನ ಹೆಣ್ಣುಗಳು ತಟ್ಟಿದ ತಕ್ಷಣ ಸರ್ರಂತ ಹತ್ತಿಯ ಬಿರಡೆವರೆಗೆ ಓಡುತ್ತಿದ್ದವು. ಎರಡನೇ ಗುಂಪು ಮಧ್ಯದಲ್ಲಿ. ಗ್ರಾಫ್ ಹಾಕಿದಾಗ ಮೂರು ಗೆರೆಗಳು ಬೇರೆಬೇರೆಯಾಗಿ ನಿಂತವು, ಪುಸ್ತಕದಲ್ಲಿದ್ದ ದಿಕ್ಕಿನಲ್ಲೇ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಮೂರನೇ ಗುಂಪಿನ ಒಳಗೆ ಮಾತ್ರ ನೋಡಿದರೆ ಹಳೇ ಕಥೆ ಸ್ವಲ್ಪ ಉಳಿದೇ ಇತ್ತು. ಅಷ್ಟೊಂದು ಎಣಿಸಿ ಸಾಕಿದ ಮೇಲೂ ಜಾಸ್ತಿ ಇಡುವವು ಸ್ವಲ್ಪ ಜಾಸ್ತಿಯೇ ಬದುಕಿದ್ದವು. ಗುಂಪು ಗುಂಪಿನ ನಡುವೆ, ಅಂದರೆ ನಾನು ಬದಲಾಯಿಸಿದ ಕಡೆ, ಮೊಟ್ಟೆಗೆ ಬೆಲೆ ತೆತ್ತದ್ದು ಕಾಣುತ್ತಿತ್ತು. ಗುಂಪಿನ ಒಳಗೆ, ಅಂದರೆ ನಾನು ಸುಮ್ನೆ ನೋಡಿದ ಕಡೆ, ಕಾಣುತ್ತಿರಲಿಲ್ಲ. ಒಂದೇ ಪುಸ್ತಕದ ಒಂದೇ ಅಂಕಿಗಳಲ್ಲಿ ಎರಡೂ ಇದ್ದವು.

ಇಷ್ಟಕ್ಕೆ ಖುಷಿಪಟ್ಟು ಮೇಡಮ್ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸತ್ತಿದ್ದು ಮೊಟ್ಟೆ ಇಟ್ಟಿದ್ದಕ್ಕಾ, ಗಂಡು ಜೊತೆಗಿದ್ದಿದ್ದಕ್ಕಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಡು ನೊಣ ಹೆಣ್ಣಿನ ಹಿಂದೆ ಸುತ್ತುತ್ತಾ, ರೆಕ್ಕೆ ಮಿಡಿಯುತ್ತಾ ದಿನವಿಡೀ ಬಿಡುವುದಿಲ್ಲ. ಅದು ಒಂದಾದರೆ, ವೀರ್ಯದ ಜೊತೆ ಹೋಗುವ ದ್ರವದಲ್ಲಿ ಇರುವ ಪ್ರೋಟೀನ್‌ಗಳು ಇನ್ನೊಂದು. ಅದರಲ್ಲೊಂದಕ್ಕೆ ಸೆಕ್ಸ್ ಪೆಪ್ಟೈಡ್ ಅಂತಲೇ ಹೆಸರು, ಬರೀ 36 ಅಮೈನೋ ಆಸಿಡ್‌ಗಳ ಸಣ್ಣ ಸರಪಣಿ. ಅದು ಹೆಣ್ಣಿನ ಮೈಯೊಳಗೆ ಹೋಗಿ ಮೊಟ್ಟೆ ಜಾಸ್ತಿ ಇಡಿಸುತ್ತದೆ, ಬೇರೆ ಗಂಡಿನ ಕಡೆ ತಿರುಗದ ಹಾಗೆ ಮಾಡುತ್ತದೆ. ಗಂಡಿಗೆ ಅದರಿಂದ ಲಾಭ. ಆದರೆ ಈ ದ್ರವದಿಂದಲೇ ಹೆಣ್ಣಿನ ಆಯಸ್ಸು ಕಮ್ಮಿಯಾಗುತ್ತದೆ ಅಂತ ಟ್ರೇಸಿ ಚಾಪ್‌ಮನ್ ಮತ್ತು ಜೊತೆಗಾರರು 1995ರಲ್ಲೇ ತೋರಿಸಿದ್ದಾರೆ. ಅಂದರೆ ನನ್ನ ಮೂರನೇ ಗುಂಪಿನ ಹೆಣ್ಣುಗಳ ಮೇಲೆ ಎರಡು ಭಾರ ಇದ್ದವು, ನಾನು ಎರಡನ್ನೂ ಸೇರಿಸಿ ಒಂದೇ ತಕ್ಕಡಿಯಲ್ಲಿ ತೂಗಿದ್ದೆ.

ಮೊಟ್ಟೆಗೇ ಬೆಲೆ ಇದೆ ಅಂತ ತೋರಿಸೋಕೆ ಮೊಟ್ಟೆ ಮಾಡಲಾಗದ ಹೆಣ್ಣು ಬೇಕು. ಬ್ರಿಟನ್ನಿನ ಜೀವವಿಜ್ಞಾನಿ ಜಾನ್ ಮೇನಾರ್ಡ್ ಸ್ಮಿತ್ 1958ರಲ್ಲೇ ಅದನ್ನು ಮಾಡಿದ್ದರು. ಡ್ರೊಸೊಫಿಲಾದ ಇನ್ನೊಂದು ಜಾತಿಯಲ್ಲಿ ಅಂಡಾಶಯವೇ ಬೆಳೆಯದ ಹೆಣ್ಣುಗಳನ್ನು ಸಾಕಿ ನೋಡಿದರೆ ಅವು ಮಾಮೂಲಿ ಹೆಣ್ಣುಗಳಿಗಿಂತ ಜಾಸ್ತಿ ದಿನ ಬದುಕಿದವು. 1999ರಲ್ಲಿ ಸ್ಗ್ರೊ ಮತ್ತು ಪಾರ್ಟ್ರಿಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚಿಕ್ಕ ವಯಸ್ಸಿಗೇ ಮೊಟ್ಟೆ ಸುರಿಯುವ ತಳಿ ಒಂದು, ತಡವಾಗಿ ಇಡುವ ತಳಿ ಇನ್ನೊಂದು. ಮೊದಲನೆಯದು ಬೇಗ ಸಾಯುತ್ತದೆ. ಎರಡಕ್ಕೂ ಎಕ್ಸ್-ರೇ ಕೊಟ್ಟು ಮೊಟ್ಟೆ ಇಡದ ಹಾಗೆ ಮಾಡಿದಾಗ ಸಾವಿನ ಆ ವ್ಯತ್ಯಾಸವೇ ಮಾಯವಾಯಿತು. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಮೊಟ್ಟೆಯ ಸಾಲ ತಕ್ಷಣ ತೀರುವುದಿಲ್ಲ, ವಾರಗಳು ಕಳೆದ ಮೇಲೆ ವಸೂಲಿಗೆ ಬರುತ್ತದೆ.

ನನ್ನ ಹತ್ತಿರ ಎಕ್ಸ್-ರೇ ಇರಲಿಲ್ಲ, ಅಂಥ ತಳಿಯೂ ಇರಲಿಲ್ಲ. ಹೊಟ್ಟೆ ತೆರೆದು ನೋಡೋದು ಮಾತ್ರ ನನ್ನ ಕೈಯಲ್ಲಿತ್ತು. ಮೂರೂ ಗುಂಪಿನಿಂದ ಒಂದಷ್ಟು ಹೆಣ್ಣುಗಳನ್ನು ಇದಕ್ಕೇ ಅಂತ ಮೊದಲೇ ಎತ್ತಿಟ್ಟಿದ್ದೆ. ಉಪ್ಪುನೀರಿನ ಹನಿಯಲ್ಲಿ ನೊಣ ಮಲಗಿಸಿ, ಎರಡು ಸಣ್ಣ ಚಿಮಟದಲ್ಲಿ ಹೊಟ್ಟೆಯ ತುದಿ ಹಿಡಿದು ಮೆಲ್ಲಗೆ ಎಳೆದರೆ ಅಂಡಾಶಯದ ಜೋಡಿ ಈಚೆ ಬರುತ್ತದೆ. ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಮಲ್ಲಿಗೆ ಮೊಗ್ಗಿನ ಸರ. ಒಂದೊಂದು ಅಂಡಾಶಯದಲ್ಲೂ ಹದಿನೈದು ಇಪ್ಪತ್ತು ಎಳೆ, ಪ್ರತಿ ಎಳೆಯಲ್ಲೂ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಮೊಗ್ಗು, ಬುಡದ ಕಡೆ ಬರುತ್ತಾ ಬರುತ್ತಾ ದೊಡ್ಡದು, ಕೊನೆಗೆ ಕೊಂಬು ಸಮೇತ ತಯಾರಾದ ಮೊಟ್ಟೆ. ಗಂಡು ಕಾಣದ ಹೆಣ್ಣುಗಳಲ್ಲಿ ಬುಡದ ಕಡೆ ಮಾಗಿದ ಮೊಟ್ಟೆಗಳು ಒತ್ತೊತ್ತಾಗಿ ನಿಂತಿದ್ದವು, ಹಿಂದಿನ ಮೊಗ್ಗುಗಳು ಬೆಳೆಯದೆ ಕಾಯುತ್ತಿದ್ದವು. ಮುಂದಿನದು ಹೊರಗೆ ಹೋಗದೆ ಹಿಂದಿನದನ್ನು ಬೆಳೆಸುವುದಿಲ್ಲ, ಖರ್ಚು ಅಲ್ಲೇ ನಿಂತಿರುತ್ತದೆ. ಸುತ್ತ ಕೆನೆ ಬಣ್ಣದ ಕೊಬ್ಬು ತುಂಬಿಕೊಂಡಿತ್ತು. ಮೂರನೇ ಗುಂಪಿನವುಗಳಲ್ಲಿ ಎಳೆಗಳ ಉದ್ದಕ್ಕೂ ಎಲ್ಲ ಅಳತೆಯ ಮೊಗ್ಗುಗಳು ಸಾಲಾಗಿ ಬರುತ್ತಿದ್ದವು, ಕೊಬ್ಬು ಮಾತ್ರ ತೆಳ್ಳಗೆ, ಅಲ್ಲಲ್ಲಿ ಚಿಂದಿಯಾಗಿತ್ತು. ಎಣಿಕೆಯಲ್ಲಿ ಬರೀ ಅಂಕಿಯಾಗಿದ್ದದ್ದು ಅವತ್ತು ಕಣ್ಣಿಗೆ ಕಂಡಿತು.

ನೊಣವನ್ನು ಒಂದು ತಲೆಮಾರಲ್ಲ, ನೂರು ತಲೆಮಾರು ಸಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉತ್ತರ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಅಮಿತಾಭ್ ಜೋಶಿ ಅವರ ಗುಂಪು ಪ್ರತಿ ತಲೆಮಾರಿನಲ್ಲೂ ಬೇಗ ಬೆಳೆದು ಹೊರಬಂದ ನೊಣಗಳನ್ನೇ ಆರಿಸಿ ಮುಂದಿನ ತಲೆಮಾರು ಮಾಡುತ್ತಾ ಹೋಯಿತು. ಅಲ್ಲಿ ಬಾಳೆಹಣ್ಣು-ಬೆಲ್ಲದ ಮೀಡಿಯಾ. ನೊಣಗಳು ಬೇಗ ಬೆಳೆಯೋದು ಕಲಿತವು ನಿಜ. ಆದರೆ ಮೈ ಚಿಕ್ಕದಾಯಿತು, ನೊಣವಾಗುವ ಮೊದಲೇ ಸಾಯುವ ಹುಳಗಳು ಜಾಸ್ತಿಯಾದವು. ಮೈಕಲ್ ರೋಸ್ ಅನ್ನೋ ವಿಜ್ಞಾನಿ 1984ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಇನ್ನೊಂದು ಮಗ್ಗುಲು. ಅವರು ತಲೆಮಾರು ತಲೆಮಾರು ಮುದಿ ನೊಣಗಳ ಮೊಟ್ಟೆಗಳನ್ನೇ ಮುಂದುವರಿಸಿದರು. ಆಯಸ್ಸು ಹೆಚ್ಚಿತು, ಚಿಕ್ಕ ವಯಸ್ಸಿನ ಮೊಟ್ಟೆ ಕಮ್ಮಿಯಾಯಿತು. ಒಂದು ನೊಣ ತನ್ನ ಬದುಕಿನಲ್ಲಿ ಮಾಡುವ ಲೆಕ್ಕವನ್ನೇ ಇಡೀ ತಳಿ ತನ್ನ ರಕ್ತದಲ್ಲಿ ಬರೆದುಕೊಂಡ ಹಾಗೆ.

ಈ ಕೆಲಸಕ್ಕೆ ಕೈ ಹಾಕುವ ಎಂಎಸ್ಸಿ ಮಕ್ಕಳು ನನ್ನನ್ನು ಕೇಳಿದರೆ ನಾನು ಮೊದಲು ಹೇಳೋದು ಮೊಟ್ಟೆ ಎಣಿಸಿ ಹಾಕಿ ಅಂತ. ಅಂದಾಜಿನಲ್ಲಿ ಬಾಟಲ್ ಹಾಕಬೇಡಿ. ಯಾವ ನೊಣ ಯಾವ ಬಾಟಲ್‌ನದು ಅಂತ ಬರೆದಿಡಿ, ಅವತ್ತು ಬೇಡ ಅನ್ನಿಸಿದರೂ ಬರೆದಿಡಿ. ತಪ್ಪಿಸಿಕೊಂಡು ಹಾರಿಹೋದ ನೊಣವನ್ನು ಸತ್ತದ್ದರ ಲೆಕ್ಕಕ್ಕೆ ಸೇರಿಸಬೇಡಿ, ಅದಕ್ಕೆ ಬೇರೆ ಗುರುತು ಹಾಕಿ. ಹತ್ತಿ ಬಿರಡೆ ಗಟ್ಟಿ ಇರಲಿ, ವಯಲ್‌ಗಳನ್ನು ಚೆನ್ನಾಗಿ ತೊಳೆದು ಕುದಿಸಿ, ನುಸಿ ಸೇರಿಕೊಂಡರೆ ತಿಂಗಳುಗಳ ಕೆಲಸ ಒಂದು ವಾರದಲ್ಲಿ ಹೋಗುತ್ತದೆ. ಮತ್ತೆ ಗ್ರಾಫ್ ಉಲ್ಟಾ ಬಂದರೆ ಅದನ್ನು ಎಸೆಯಬೇಡಿ. ನನ್ನ ಮೊದಲ ಗ್ರಾಫ್ ಈಗಲೂ ಮೇಜಿನ ಮುಂದಿನ ಗೋಡೆಗೆ ಅಂಟಿಸಿದೆ, 17ಕ್ಕೂ 31ಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ.

ಎರಡನೇ ಪ್ರಯೋಗದಲ್ಲಿ ಕೊನೆಗೆ ಉಳಿದದ್ದು ಮೊದಲ ಗುಂಪಿನ ಒಂದು ಹೆಣ್ಣು. ಉಳಿದ ವಯಲ್‌ಗಳೆಲ್ಲ ತೊಳೆದು ಒಣಗಿದ್ದವು, ಟ್ರೇಯಲ್ಲಿ ಇದೊಂದೇ. ಆದರೂ ದಿನಾ ಒಂದು ಹೊಸ ವಯಲ್, ಒಂದು ಹನಿ ಯೀಸ್ಟ್. ಕೊನೇ ದಿನಗಳಲ್ಲಿ ಅದು ಗಾಜು ಹತ್ತುತ್ತಿರಲಿಲ್ಲ, ಮೀಡಿಯಾದ ಅಂಚಿನಲ್ಲಿ ಕೂತು ಮುಂಗಾಲು ಉಜ್ಜಿಕೊಳ್ಳುತ್ತಿತ್ತು. 83ನೇ ದಿನ ಹಳೇ ವಯಲ್ ಎತ್ತಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಬಹಳ ದಿನದ ಮೇಲೆ ಒಂದು ಮೊಟ್ಟೆ ಇತ್ತು, ಅಂಚಿಗೆ ಹತ್ತಿರ, ಎರಡೂ ಕೊಂಬು ಮೇಲೆ ಮಾಡಿಕೊಂಡು. ಪುಸ್ತಕದಲ್ಲಿ 1 ಅಂತ ಬರೆದು, ಹೆಣ್ಣನ್ನು ಹೊಸ ವಯಲ್‌ಗೆ ದಾಟಿಸಿ, ಇನ್‌ಕ್ಯುಬೇಟರ್ ಬಾಗಿಲು ಹಾಕಿದೆ. ಮಾರನೇ ದಿನದ ಸಾಲಿನಲ್ಲಿ ಬರೆಯೋಕೆ ಮೊಟ್ಟೆ ಇರಲಿಲ್ಲ, ನೊಣ ಸತ್ತ ಹೊತ್ತು ಬರೆದೆ.